ತೋರದ ಹುಡುಗಿಯನ್ನು ಕರಕೊಂಡು ಬನ್ನಿ

ಮೊನ್ನೆ ಬಂಟ್ವಾಳದಲ್ಲಿ ಸಂಬಂಧಿಕರ ಹುಡುಗಿಯೊಬ್ಬಳ ಬಯಕೆ ಊಟವಿತ್ತು. ನಮ್ಮ ಕಡೆ ಬಸುರಿಗೆ ಏಳನೆಯ ತಿಂಗಳಲ್ಲಿ ಹೂ ಮುಡಿಸಿ, ಬಯಸಿದ್ದನ್ನೆಲ್ಲ ಮಾಡಿ ಬಡಿಸುವ ಶಾಸ್ತ್ರ ಅದು. ಅವಳ ಎರಡೂ ಪಕ್ಕ ಚಿಕ್ಕ ಮಕ್ಕಳನ್ನು ಕೂರಿಸಿ ಜೊತೆಯಲ್ಲೇ ಉಣಿಸಬೇಕು. ಈಗ ಅದಕ್ಕೂ ಹಾಲ್, ಫೋಟೋದವರು, ಮೇಜಿನ ಮೇಲೆ ಎಲೆ. ನಾನು ಮೊಣಕಾಲು ನೋವಿನವಳು, ಗೋಡೆ ಬದಿಯ ಕುರ್ಚಿ ಹಿಡಿದು ಕೂತು ನೋಡುತ್ತಿದ್ದೆ. ನಾಲ್ಕು ಮಕ್ಕಳನ್ನು ಕೂರಿಸಿದ್ದರು. ನಾಲ್ಕೂ ತೋರ. ಒಬ್ಬನ ಅಂಗಿಯ ಕೆಳಗಿನ ಗುಂಡಿ ಹೊಟ್ಟೆಗೆ ಎಟುಕದೆ ಹಾಗೆಯೇ ಬಿಟ್ಟಿತ್ತು. ಆದರೆ ಅವರನ್ನು ಯಾರೂ ತಿರುಗಿ ನೋಡಲಿಲ್ಲ, ಯಾರೂ ಕೆನ್ನೆ ಹಿಂಡಲಿಲ್ಲ. ಮಗನ ಪಕ್ಕದಲ್ಲೇ ಕೂತ ಒಬ್ಬ ತಾಯಿ ಅವನ ಎಲೆಯಿಂದ ಲಡ್ಡು ತೆಗೆದು ತನ್ನ ಎಲೆಗೆ ಹಾಕಿಕೊಂಡಳು. "ಇವನಿಗೆ ಡಯಟ್ ಆಂಟಿ" ಎಂದಳು ನನ್ನ ಕಡೆ ನೋಡಿ. ಅವಳ ಮುಖದಲ್ಲಿ ದಣಿವಿತ್ತು. ಆ ದಣಿವಿನ ಗುರುತು ನನಗುಂಟು.

ತೋರ ಎಂದರೆ ದಪ್ಪ, ಸಪೂರ ಎಂದರೆ ತೆಳ್ಳಗೆ. ಘಟ್ಟದ ಮೇಲಿನವರು ಓದಿದರೆ ಗೊತ್ತಾಗಲಿ ಎಂದು ಹೇಳಿದೆ. ನನ್ನ ಬಾಲ್ಯದಲ್ಲಿ ಊರಿಗೆ ಊರೇ ಸಪೂರ. ಮಕ್ಕಳೆಂದರೆ ಎಲುಬು ಕಾಣುವ ಎದೆ, ಕಡ್ಡಿ ಕೈಕಾಲು, ಮಲೇರಿಯದ ಜ್ವರಗಡ್ಡೆಯಿಂದ ಮುಂದೆ ಬಂದ ಹೊಟ್ಟೆ. ಮಳೆಗಾಲದ ಆಟಿ ತಿಂಗಳಲ್ಲಿ ಭತ್ತ ಮುಗಿದ ಮನೆಗಳಲ್ಲಿ ಹಲಸಿನ ಬೀಜ, ತಗಟೆ ಸೊಪ್ಪು, ಮತ್ತೆ ನೀರಿನಂಥ ಗಂಜಿ. ಅಂಥ ಕಾಲದಲ್ಲಿ ಒಂದು ತೋರದ ಮಗು ಬೇಕೆಂದರೆ ಊರಿಂದ ಊರಿಗೆ ಜನ ಕಳುಹಿಸಬೇಕಾಗುತ್ತಿತ್ತು. ಶಿರ್ತಾಡಿಯ ಸುತ್ತುಮುತ್ತ ಹಾಗೆ ಜನ ಬರುತ್ತಿದ್ದದ್ದು ನಮ್ಮ ಮನೆಗೆ. ಕೇಳುತ್ತಿದ್ದದ್ದು ನನ್ನನ್ನು.

ನಾನು ಏಕೆ ತೋರವಾದೆನೆಂದು ಇವತ್ತಿಗೂ ಗೊತ್ತಿಲ್ಲ. ಅದೇ ಮನೆಯ ಅದೇ ಕುಚ್ಚಲಕ್ಕಿ ಗಂಜಿ ಉಂಡ ಮಾವನ ಮಕ್ಕಳು ಸಪೂರವಾಗಿಯೇ ಇದ್ದರು. ಅಜ್ಜಿ ಹಾಲಿನ ಕೆನೆ ತೆಗೆದು ನನಗೆ ಕೊಡುತ್ತಿದ್ದಳು, ಅದೊಂದು ಕಾರಣವಿರಬಹುದು. ಮೊದಲು ಚೂರು ತೋರ ಇದ್ದುದಕ್ಕೆ ಬಯಕೆಗೆ ಕರೆದರು; ಬಯಕೆಗಳಲ್ಲಿ ತಿಂದು ತಿಂದು ಇನ್ನಷ್ಟು ತೋರವಾದೆ; ಇನ್ನಷ್ಟು ತೋರವಾದದ್ದಕ್ಕೆ ಇನ್ನಷ್ಟು ಮನೆಯವರು ಕರೆದರು. ಪಕ್ಕದಲ್ಲಿ ಕೂತು ಉಂಡ ಮಗುವಿನ ಹಾಗಿನ ಮಗುವೇ ಹೊಟ್ಟೆಯಲ್ಲಿ ಬೆಳೆಯುತ್ತದೆಂದು ಹೆಂಗಸರ ನಂಬಿಕೆ. ಹುಟ್ಟಿದ ಮಕ್ಕಳಲ್ಲಿ ಉಳಿದವೆಷ್ಟು ಹೋದವೆಷ್ಟು ಎಂದು ಎಲ್ಲ ಮನೆಯಲ್ಲೂ ಲೆಕ್ಕ ಇಡುತ್ತಿದ್ದ ಕಾಲ. ನಗುವ ಹಾಗಿಲ್ಲ.

ಈಗ ಅಮ್ಮನ ವಿಷಯ ಹೇಳಬೇಕು, ಏಕೆಂದರೆ ಇದು ಹೆಚ್ಚಾಗಿ ಅವಳ ಕತೆ. ನಾನು ಕೂರಲು ಕಲಿಯುವ ಮೊದಲೇ ಅಪ್ಪ ಹೋಟೆಲು ಕೆಲಸಕ್ಕೆಂದು ಬೊಂಬಾಯಿಗೆ ಹೋದವರು. ಮೊದಮೊದಲು ಹೋಗಿಬರುವವರ ಬಾಯಲ್ಲಿ ಸುದ್ದಿ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಅಮ್ಮ ತನ್ನ ಅಣ್ಣನ ಮನೆಯಲ್ಲಿ, ಅಂದರೆ ನನ್ನ ಮಾವನ ಮನೆಯಲ್ಲಿ, ಉಳಿದಳು. ಅವಳಿಗೆ ಯಾರೂ ಕೆಟ್ಟ ಮಾತು ಆಡಿದವರಲ್ಲ. ಆದರೆ ಗಂಡ ಇದ್ದೂ ಇಲ್ಲದ ಹೆಂಗಸನ್ನು ಒಳ್ಳೆಯ ಕಾರ್ಯಕ್ಕೆ ಯಾರು ಕರೆಯುತ್ತಾರೆ? ಮದುವೆ, ತೊಟ್ಟಿಲು, ಬಯಕೆ ಎಂದು ಅಜ್ಜಿ ಮತ್ತು ಮಾವನ ಹೆಂಡತಿ, ನನ್ನ ಅತ್ತೆ, ಸೀರೆ ಉಟ್ಟು ಹೊರಟರೆ ಅಮ್ಮ ಒಲೆಯ ಮುಂದೆ.

ನನ್ನಿಂದಾಗಿ ಅದು ಬದಲಾಯಿತು. ಕರೆಯಲು ಬಂದವರು ಚಾವಡಿಯಲ್ಲಿ ಕೂತು ವೀಳ್ಯ ಮೆಲ್ಲುತ್ತ ಹೇಳುವ ಮಾತು ಒಂದೇ: "ತೋರದ ಹುಡುಗಿಯನ್ನು ಕರಕೊಂಡು ಬನ್ನಿ. ನೀವೂ ಬನ್ನಿ." ಮೊದಲು ನಾನು, ಆಮೇಲೆ ಅಮ್ಮ. ಆ "ನೀವೂ" ಎಂಬ ಮಾತಿಗಾಗಿ ಅಮ್ಮ ತನ್ನ ಹಸಿರು ಅಂಚಿನ ಸೀರೆಯನ್ನು ಮಡಿಸಿ ತಲೆದಿಂಬಿನ ಅಡಿ ಇಟ್ಟು ನೇರ ಮಾಡುತ್ತಿದ್ದಳು. ಆ ಮನೆಗಳಲ್ಲಿ ಅವಳಿಗೆ ಚಾಪೆ ಹಾಸುತ್ತಿದ್ದರು, ಬೆಲ್ಲ ನೀರು ಕೊಡುತ್ತಿದ್ದರು. "ಎಂತ ಕೊಟ್ಟು ಸಾಕಿದ್ರಿ ಮಾರಾಯ್ತಿ ಇವಳನ್ನು?" ಎಂದು ಸುತ್ತ ಕೂತು ಕೇಳುತ್ತಿದ್ದರು. ಅಮ್ಮ ಮಾತಾಡುವುದು ನನಗೆ ಕೇಳಿಸುತ್ತಿದ್ದದ್ದು ಅಲ್ಲಿ ಮಾತ್ರ. ಮನೆಯಲ್ಲಿ ಅವಳಿಗೆ ಅಷ್ಟು ಮಾತಿಲ್ಲ.

ನನಗೆ ಮಾತ್ರ ಸಾಕಾಗಿ ಹೋಗುತ್ತಿತ್ತು. ಬಸುರಿಯ ಎಲೆಯಲ್ಲಿದ್ದದ್ದೆಲ್ಲ ನನ್ನ ಎಲೆಯಲ್ಲೂ. ಸುಕ್ರುಂಡೆ, ಚಕ್ಕುಲಿ, ಹೋಳಿಗೆ, ಮೊಟ್ಟೆ, ಕೋಳಿ, ಮೂಡೆ, ಪಾಯಸ. ನಾನು ಬಿಟ್ಟರೆ ಅಪಶಕುನ. ಹುಟ್ಟಲಿರುವ ಮಗು ಎದೆಹಾಲು ಬಿಡುತ್ತದಂತೆ. ಆದ್ದರಿಂದ ಹಿಂದೆ ಒಬ್ಬಳು ಅಜ್ಜಿ ಕೂತು ಬೆನ್ನು ಸವರುತ್ತ "ಇನ್ನೊಂದು, ಮಗಾ, ಇನ್ನೊಂದು" ಎನ್ನುವಳು. ಬಸುರಿಯರ ಮುಖ ನೋಡಿದರೆ ಬೇಡವೆನ್ನಲು ಆಗುತ್ತಿರಲಿಲ್ಲ. ಒಬ್ಬಳಂತೂ ನನ್ನ ತೊಡೆಯ ಮೇಲೆ ಕೈಯಿಟ್ಟು ಊಟ ಮುಗಿಯುವವರೆಗೆ ತೆಗೆಯಲೇ ಇಲ್ಲ. ತಾನು ಒಂದು ತುತ್ತೂ ತಿಂದಿರಲಿಲ್ಲ. ಹೊರಡುವಾಗ ಕೆನ್ನೆ ಹಿಂಡುವವರ ಸಾಲು. ಮನೆಗೆ ನಡೆದು ಬರುವಾಗ ತೊಡೆಗೆ ತೊಡೆ ಉಜ್ಜಿ ಉರಿಯುತ್ತಿತ್ತು, ಅಮ್ಮ ನಿಂತು ನಿಂತು ತೆಂಗಿನೆಣ್ಣೆ ಹಚ್ಚುತ್ತಿದ್ದಳು. ಅದಕ್ಕೆಂದೇ ಸೆರಗಿನಲ್ಲಿ ಒಂದು ಸಣ್ಣ ಕುಪ್ಪಿ ಕಟ್ಟಿಕೊಂಡಿರುತ್ತಿದ್ದಳು.

ಶಾಲೆಯಲ್ಲೂ ನನಗೊಂದು ಉದ್ಯೋಗವಿತ್ತು. ಇನ್ಸ್‌ಪೆಕ್ಟರು ಬರುವ ದಿನ ಮಾಸ್ಟ್ರು ನನ್ನನ್ನು ಕರೆದು "ನೀನು ಎದುರಿನ ಸಾಲಲ್ಲಿ ಕೂರು, ಶಾಲೆ ತುಂಬಿದ ಹಾಗೆ ಕಾಣ್ತದೆ" ಎನ್ನುತ್ತಿದ್ದರು. ನನ್ನ ಹಿಂದೆ ಇಬ್ಬರು ಒಕ್ಕಲು ಮನೆಯ ಹುಡುಗಿಯರು ಕಾಣದ ಹಾಗೆ ಕೂರುತ್ತಿದ್ದರು. ಅವರಿಗೆ ಉಡಲು ಸರಿಯಾದ ಬಟ್ಟೆ ಇರಲಿಲ್ಲ.

ಹತ್ತು ಹನ್ನೊಂದರ ಪ್ರಾಯಕ್ಕೆ ಶಾಲೆಯ ಗುಡ್ಡ ಹತ್ತುವುದು ಕಷ್ಟವಾಯಿತು. ಅರ್ಧಕ್ಕೆ ಕೂತರೆ ಏಳಲಾಗುತ್ತಿರಲಿಲ್ಲ. ಮಲಗಿದರೆ ಗೊರಕೆ, ಒಮ್ಮೊಮ್ಮೆ ಉಸಿರು ಸಿಕ್ಕಿದ ಹಾಗಾಗಿ ಎದ್ದು ಕೂರುತ್ತಿದ್ದೆ. ಅಮ್ಮ ನನ್ನನ್ನು ಬಸ್ಸಿನಲ್ಲಿ ಮೂಡಬಿದ್ರೆಗೆ ಕರಕೊಂಡು ಹೋದಳು. ಅಲ್ಲಿ ಒಬ್ಬರು ಡಾಕ್ಟ್ರಮ್ಮ ಇದ್ದರು, ಕಡ್ಡಿಯ ಹಾಗಿನವರು, ಕಡಿಮೆ ಮಾತಿನವರು. ಒಳಗೆ ಹೊರಗೆ ಎಂದು ಬೇರೆ ಕೋಣೆಯಿಲ್ಲ, ನಡುವೆ ಒಂದು ಪರದೆ. ಆಚೆ ಬದಿ ಬೆಂಚಿನಲ್ಲಿ ಹೆಂಗಸರು, ಅವರ ಮಡಿಲಲ್ಲಿ ಒಣಗಿದ ಮಕ್ಕಳು.

ಡಾಕ್ಟ್ರಮ್ಮ ಎದೆ ನೋಡಿದರು, ಕುತ್ತಿಗೆ ಮುಟ್ಟಿದರು, ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಆಮೇಲೆ ಹೇಳಿದರು: "ಇವಳಿಗೆ ರೋಗ ಎಂತದೂ ಇಲ್ಲ. ಮೈ ಹೆಚ್ಚಾಗಿದೆ ಅಷ್ಟೆ. ಊಟ ಕಡಿಮೆ ಮಾಡಿ."

"ಯಾರದ್ದು?" ಎಂದಳು ಅಮ್ಮ.

"ಇವಳದ್ದೇ. ತುಪ್ಪ, ಸಿಹಿ ಬೇಡ. ನಡೀಲಿ, ಕೆಲಸ ಮಾಡ್ಲಿ. ಹೀಗೇ ಬಿಟ್ರೆ ದೊಡ್ಡವಳಾದ ಮೇಲೆ ಎದೆಗೆ ಕಷ್ಟ."

ಪರದೆಯ ಆಚೆ ಒಬ್ಬಳು ನಕ್ಕಳು, ಎಲ್ಲರೂ ನಕ್ಕರು. "ಡಾಕ್ಟ್ರಮ್ಮಾ, ಅವಳಲ್ಲಿ ಹೆಚ್ಚಾದದ್ದನ್ನು ಇವನಿಗೆ ಸ್ವಲ್ಪ ಹಾಕಿ ಕೊಡಿ ಮಾರ್ರೆ" ಎಂದಳು ಒಬ್ಬಳು ಪರದೆ ಸರಿಸಿ, ತನ್ನ ಮಗುವಿನ ಕೈ ಎತ್ತಿ ತೋರಿಸಿ. ಡಾಕ್ಟ್ರಮ್ಮ ನಗಲಿಲ್ಲ. ಅಮ್ಮನೂ ನಗಲಿಲ್ಲ. ಬಸ್ಸಿನಲ್ಲಿ ಬರುವಾಗ ಅಮ್ಮ ಕೇಳಿದ್ದು ಒಂದೇ: "ನಿನಗೆ ಬಯಕೆಗೆ ಹೋಗ್ಲಿಕ್ಕೆ ಖುಷಿ ಉಂಟಾ?"

"ಇಲ್ಲ" ಎಂದೆ. "ನಿನಗೆ?"

ಅವಳು ಕಿಟಕಿಯ ಹೊರಗೆ ನೋಡಿದಳು.

ಮನೆಯಲ್ಲಿ ಅಜ್ಜಿ ವಿಷಯ ಕೇಳಿ ಕೆಂಡವಾದಳು. ಅನ್ನ ಕಡಿಮೆ ಕೊಡು ಎನ್ನುವ ವೈದ್ಯರನ್ನು ಅವಳು ತನ್ನ ಜೀವಮಾನದಲ್ಲಿ ಕೇಳಿರಲಿಲ್ಲ. "ಆ ಡಾಕ್ಟ್ರಮ್ಮ ಹೇಗಿದ್ದಾಳೆ ನೋಡ್ಲಿಕ್ಕೆ?" ಎಂದು ನನ್ನನ್ನೇ ಕೇಳಿದಳು.

"ಸಪೂರ."

"ಹಾಂ. ಅಷ್ಟೇ ಉಂಟು. ತೋರದ ಮಗುವನ್ನು ಕಂಡು ಕಣ್ಣು ಬಿದ್ದದ್ದು."

ಡಾಕ್ಟ್ರಮ್ಮನ ದೃಷ್ಟಿ ತೆಗೆಯಲು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮನೆಮಂದಿಯೆಲ್ಲ ಕೆಮ್ಮಿದೆವು. ಆ ಸಂಜೆ ನನಗೆ ಎರಡು ಚಮಚ ತುಪ್ಪ ಹೆಚ್ಚು.

ಆದರೆ ಅಮ್ಮ ಡಾಕ್ಟ್ರಮ್ಮನ ಮಾತನ್ನು ಬಿಡಲಿಲ್ಲ. ಎದುರು ಮಾತಾಡಿದವಳಲ್ಲ, ಬಡಿಸುವ ಕೈ ಮಾತ್ರ ಬದಲಾಯಿತು. ಗಂಜಿಯಲ್ಲಿ ತಿಳಿ ಹೆಚ್ಚಾಯಿತು, ಅನ್ನ ಕಡಿಮೆಯಾಯಿತು. ಅಜ್ಜಿ ಸುರಿದ ತುಪ್ಪದ ತಟ್ಟೆ ನನ್ನೆದುರಿನಿಂದ ಮಾವನ ಮಗನೆದುರಿಗೆ ಸರಿಯುತ್ತಿತ್ತು. ಸಂಜೆ ದನ ಅಟ್ಟಿಕೊಂಡು ಬರುವ ಕೆಲಸ ನನಗೆ ಬಂತು. ಅಜ್ಜಿಗೆ ಗೊತ್ತಾಗದೆ ಇರುತ್ತದೆಯೇ? "ಹೆತ್ತ ಮಗಳ ಹೊಟ್ಟೆಗೆ ಕೈ ಹಿಡಿಯುವ ತಾಯಿಯನ್ನು ಈ ಪ್ರಾಯದಲ್ಲಿ ನೋಡಬೇಕಾಯ್ತು" ಎಂದು ಬಾವಿಕಟ್ಟೆಯಲ್ಲಿ ನಿಂತು ನಾಲ್ಕು ಮನೆಗೆ ಕೇಳುವ ಹಾಗೆ ಹೇಳಿದಳು. ನನಗೆ ಹಸಿವೆಯಾಗುತ್ತಿತ್ತು. ಅತ್ತರೆ ಅಮ್ಮ ಬರೀ ಮಜ್ಜಿಗೆ ನೀರು ಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದಳು. ಅವಳೂ ನನ್ನಷ್ಟೇ ಉಣ್ಣುತ್ತಿದ್ದಳೆಂದು ಆಗ ಗಮನಿಸಲಿಲ್ಲ. ಈಗ ನೆನೆದರೆ ಹಾಗೆಯೇ ಇದ್ದಿರಬೇಕು.

ಕರೆಯಲು ಬಂದವರಿಗೆ ಅಮ್ಮನೇ "ಇವಳಿಗೆ ಸೌಖ್ಯ ಇಲ್ಲ" ಎಂದು ಹೇಳಿ ಕಳುಹಿಸುತ್ತಿದ್ದಳು. ಅವರು ನನ್ನನ್ನು ಬಿಟ್ಟು ಅವಳೊಬ್ಬಳನ್ನೇ ಬನ್ನಿ ಎನ್ನುತ್ತಾರೋ ಎಂದು ಒಂದು ಗಳಿಗೆ ನಿಲ್ಲುತ್ತಿದ್ದಳು. ಯಾರೂ ಹೇಳಲಿಲ್ಲ. ವರ್ಷ ಕಳೆಯುವುದರೊಳಗೆ ನಾನು ಉದ್ದಕ್ಕೆ ಬೆಳೆದೆ, ಮುಖ ಇಳಿಯಿತು, ಗುಡ್ಡ ಒಂದೇ ಉಸಿರಿಗೆ ಹತ್ತಿದೆ. "ಅಯ್ಯೋ, ಇದು ಅದೇ ಹುಡುಗಿಯಾ? ಜ್ವರ ಬಂದಿತ್ತಾ?" ಎಂದು ದಾರಿಯಲ್ಲಿ ಜನ ಕೇಳಿದರು. ಆಮೇಲೆ ಚಾವಡಿಗೆ ಯಾರೂ ಬರಲಿಲ್ಲ. ಹಸಿರು ಅಂಚಿನ ಸೀರೆ ಪೆಟ್ಟಿಗೆ ಸೇರಿತು.

ಅಷ್ಟರಲ್ಲಿ ಅತ್ತೆ ಮತ್ತೆ ಬಸುರಿಯಾದಳು. ದೊಡ್ಡ ಮಕ್ಕಳ ನಂತರ ಅವಳಿಗೆ ಎರಡು ಹುಟ್ಟಿ ಎರಡೂ ಉಳಿದಿರಲಿಲ್ಲ. ಪಾಪ, ಒಳ್ಳೆಯ ಹೆಂಗಸು. ನನ್ನನ್ನು ಕರೆದು "ನೀನು ಸ್ವಲ್ಪ ತೋರ ಆಗ್ತೀಯಾ, ನನಗೋಸ್ಕರ?" ಎಂದು ಕೇಳಿದಳು. ನಗುತ್ತ ಕೇಳಿದ್ದು, ಆದರೆ ಕಣ್ಣು ನಗುತ್ತಿರಲಿಲ್ಲ. ಅಮ್ಮ ಅಲ್ಲೇ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವುದನ್ನು ನಿಲ್ಲಿಸಿದಳು, ಮತ್ತೆ ಶುರು ಮಾಡಿದಳು.

ಅಜ್ಜಿ ಬಂಟ್ವಾಳಕ್ಕೆ ಜನ ಕಳುಹಿಸಿದಳು. ಪೇಟೆಯಲ್ಲಿ ಅಂಗಡಿಯಿಟ್ಟಿದ್ದ ದೂರದ ನೆಂಟರೊಬ್ಬರಿಗೆ ಐದಾರು ವರ್ಷದ ಮಗನಿದ್ದ. ಬನ್ನು, ಬಿಸ್ಕುಟು, ಬಾಟ್ಲಿಯ ಪೆಪ್ಪರ್ಮಿಂಟು ಎಲ್ಲ ಕೈಗೆಟಕುವ ಹಾಗೆ ಬೆಳೆದವನು. ನಡೆಯುವುದೆಂದರೆ ಅಂಗಡಿಯ ಒಳಗಿಂದ ಹೊರಗೆ. ಆಗ ಬಂಟ್ವಾಳದಂಥ ಪೇಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಹಾಗಿನ ಮಕ್ಕಳು ಕಾಣಲು ಶುರುವಾಗಿದ್ದವು. ನನ್ನದು ಕೆನೆ ತುಪ್ಪದ ತೋರ. ಅವನದು ಹೊಸ ಬಗೆಯದು, ಅಂಗಡಿಯದು.

ಬಯಕೆಯ ದಿನ ಅವನ ತಾಯಿಗೆ ಚಾವಡಿಯ ನಡುವೆ ಚಾಪೆ ಹಾಸಿದರು. ಬೆಲ್ಲ ನೀರು ಕೊಟ್ಟದ್ದು ನನ್ನ ಅಮ್ಮ. "ಎಂತ ಕೊಟ್ಟು ಸಾಕಿದ್ರಿ?" ಎಂದು ಸುತ್ತ ಕೂತವರು ಅವಳನ್ನು ಕೇಳಿದರು. ಅಮ್ಮನನ್ನು ಬಡಿಸಲು ಇಟ್ಟಿದ್ದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅತ್ತೆಯ ಪಕ್ಕದಲ್ಲಿ ಆ ಹುಡುಗ ತಿನ್ನುತ್ತಲೇ ಇದ್ದ. ಅವನ ಹಣೆಯಲ್ಲಿ ಬೆವರು, ಬಾಯಿ ತೆರೆದು ಉಸಿರಾಡುತ್ತಿದ್ದ. ಆ ಉಸಿರಿನ ಸದ್ದು ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು.

"ಅಕ್ಕಾ, ಅವನಿಗೆ ಇನ್ನೆರಡು ಸುಕ್ರುಂಡೆ ಹಾಕಿ" ಎಂದಳು ಆ ತಾಯಿ.

ಅಮ್ಮನ ಕೈ ಪಾತ್ರೆಯೊಳಗೇ ಉಳಿಯಿತು. "ಸಾಕಲ್ವಾ? ಮಗುವಿಗೆ ಉಸಿರು ಬಿಡ್ಲಿಕ್ಕೆ ಆಗ್ತಾ ಇಲ್ಲ."

"ಎಂತ ಹೇಳಿದ್ರಿ?"

"ಇವಳಿಗೂ ಹಾಗೇ ಆಗ್ತಿತ್ತು. ಮೂಡಬಿದ್ರೆಯ ಡಾಕ್ಟ್ರಮ್ಮ ಹೇಳಿದ್ರು, ಮೈ ಇಷ್ಟು ಹೆಚ್ಚಾದ್ರೆ ಎದೆಗೆ..."

"ನಿಮ್ಮದು ಒಣಗಿತು ಅಂತ ನನ್ನದರ ಮೇಲೆ ಕಣ್ಣು ಹಾಕ್ಬೇಡಿ" ಎಂದಳು ಆಕೆ. ಜೋರಾಗಿ ಹೇಳಲಿಲ್ಲ. ಆದರೆ ಚಾವಡಿಯಲ್ಲಿ ಆಗ ಬೇರೆ ಮಾತಿರಲಿಲ್ಲ, ಎಲ್ಲರಿಗೂ ಕೇಳಿತು.

ಅಮ್ಮ ಸುಕ್ರುಂಡೆ ಬಡಿಸಿ ಮುಂದೆ ಹೋದಳು. ಹುಡುಗ ತಿಂದ. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಎಲ್ಲವನ್ನೂ ಕಾರಿ, ಕಣ್ಣು ಮೇಲೆ ಮಾಡಿ ಮಲಗಿದ. ತಿಂದದ್ದು ಹೆಚ್ಚಾದರೆ ಯಾರಿಗಾದರೂ ಆಗುವುದೇ. ಆದರೆ ಆ ದಿನ ಹಾಗೆಂದು ಹೇಳುವವರು ಯಾರಿದ್ದರು? ಅಜ್ಜಿ ಒಳಗೆ ಹೋಗಿ ಉಪ್ಪು ಮೆಣಸು ತಂದಳು. ತಾನು ಹೆತ್ತ ಮಗಳ ದೃಷ್ಟಿಯನ್ನು ಪರರ ಮಗುವಿನಿಂದ ತೆಗೆಯಲು ಮೂರು ಸುತ್ತು ನಿವಾಳಿಸಿದಳು. ಅಮ್ಮ ಒಲೆಯ ಹತ್ತಿರವೇ ಇದ್ದಳು. ಅಜ್ಜಿ ಬಂದಾಗ ಎದ್ದು ಜಾಗ ಬಿಟ್ಟಳು. ಅತ್ತೆ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಅದು ಅಮ್ಮನನ್ನು ಚುಚ್ಚಿದಷ್ಟು ಬೇರೆ ಯಾವುದೂ ಚುಚ್ಚಲಿಲ್ಲವೆಂದು ಕಾಣುತ್ತದೆ.

ಅತ್ತೆಗೆ ಹೆಣ್ಣು ಮಗು ಹುಟ್ಟಿತು. ಸಪೂರದ್ದೇ, ಆದರೆ ಗಟ್ಟಿ. ಉಳಿಯಿತು. ತೊಟ್ಟಿಲಿಗೆ ಹಾಕುವ ದಿನ ಅಮ್ಮನಿಗೆ ಹಿತ್ತಿಲಲ್ಲಿ ಪಾತ್ರೆ ತೊಳೆಯುವ ಕೆಲಸ ಕೊಟ್ಟರು. ಯಾರೂ ಬೈಯಲಿಲ್ಲ. ಕೆಲಸ ಕೊಟ್ಟರು, ಅಷ್ಟೆ. ಮಗುವನ್ನು ಅವಳು ಎತ್ತಿಕೊಂಡದ್ದು ಅದು ತಾನೇ ಅಂಬೆಗಾಲಿಟ್ಟು ಅವಳ ಹತ್ತಿರ ಬಂದ ಮೇಲೆ. ಮೊದಲು ಗಂಡ ಇಲ್ಲದ್ದಕ್ಕೆ ಕರೆಯುತ್ತಿರಲಿಲ್ಲ; ಈಗ ಕಣ್ಣು ಕೆಟ್ಟದ್ದೆಂದು ಕರೆಯಲಿಲ್ಲ. ಸುಗ್ಗಿಯ ನಂತರ ಮದುವೆಯ ದಿಬ್ಬಣಗಳು ನಮ್ಮ ಬೇಲಿಯ ದಣಪೆಯ ಮುಂದೆಯೇ ಹೋಗುತ್ತಿದ್ದವು. ಕೆಲವು ಸಲ ಅವನ್ನು ನೋಡುತ್ತ ಅಮ್ಮ ನನ್ನ ಕಡೆ ತಿರುಗಿ "ನಿನ್ನನ್ನು ಸಪೂರ ಮಾಡಿ ನಾನು ಎಂತ ಕಂಡೆ?" ಎನ್ನುತ್ತಿದ್ದಳು. ಅದೇ ಸಂಜೆ ನನಗೆ ಅನ್ನ ಬಡಿಸುವಾಗ ಅವಳ ಕೈ ಅಷ್ಟಕ್ಕೇ ನಿಲ್ಲುತ್ತಿತ್ತು, ಒಂದು ಅಗುಳೂ ಹೆಚ್ಚಿಲ್ಲ.

ನಾನು ಮೂಡಬಿದ್ರೆಯ ಹೈಸ್ಕೂಲಿಗೆ ಹೋದೆ, ಟ್ರೈನಿಂಗ್ ಮುಗಿಸಿದೆ. ಅರವತ್ತರ ದಶಕದ ಕೊನೆಗೆ ಬೆಳ್ತಂಗಡಿ ತಾಲೂಕಿನ ಮುಂಡಾಜೆಯ ಕಡೆ ಟೀಚರಾದೆ. ಅಮ್ಮನನ್ನು ಕರಕೊಂಡು ಹೋದೆ. ಮಾವ ಬೇಡವೆನ್ನಲಿಲ್ಲ, ಇರು ಎಂದೂ ಹೇಳಲಿಲ್ಲ.

ಆ ಶಾಲೆಯಲ್ಲೂ ಮಕ್ಕಳೆಂದರೆ ಸಪೂರವೇ. ಮಧ್ಯಾಹ್ನ ಕೊಡುವ ಉಪ್ಪಿಟ್ಟಿಗಾಗಿಯೇ ಬರುವವರು ಬಹಳ. ಆದರೆ ಮಾರ್ಗದ ಬದಿಯ ಅಂಗಡಿ ಮನೆಗಳಿಂದ, ಬಸ್ಸಿನಲ್ಲಿ ಬರುವ ಮನೆಗಳಿಂದ ತರಗತಿಗೊಬ್ಬರೋ ಇಬ್ಬರೋ ತೋರದವರಿದ್ದರು. ಶಿರ್ತಾಡಿಯ ನನ್ನ ಶಾಲೆಯಲ್ಲಿ ಇಡೀ ಶಾಲೆಗೆ ನಾನೊಬ್ಬಳಿದ್ದೆ. ಅವರ ತಾಯಂದಿರು ಹೆಮ್ಮೆಯಿಂದ ಬಂದು "ಟೀಚರ್, ನಮ್ಮವನು ಮನೆಯಲ್ಲಿ ಎಂತದೂ ತಿನ್ನುವುದಿಲ್ಲ, ನೀವಾದ್ರೂ ಹೇಳಿ" ಎನ್ನುತ್ತಿದ್ದರು. ಒಂದೆರಡು ಸಲ ಮೆಲ್ಲಗೆ ಹೇಳಿ ನೋಡಿದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ಸಪೂರ ಅಲ್ವಾ" ಎಂದು ನಕ್ಕು ಹೋದರು.

ನಮ್ಮ ಬಾಡಿಗೆ ಮನೆಯ ಪಕ್ಕದ್ದು ಬ್ಯಾರಿಗಳ ಮನೆ, ನಮ್ಮ ಕಡೆಯ ಮುಸ್ಲಿಮರು. ಆ ಮನೆಯ ಯಜಮಾನಿ ಉಮ್ಮನಿಗೂ ಅಮ್ಮನಿಗೂ ಬೇಲಿಯ ಮೇಲಿಂದ ಮಾತು ಬೆಳೆಯಿತು. ನಾನು ಶಾಲೆಯಿಂದ ಬರುವಾಗ ಇಬ್ಬರೂ ಬೇಲಿಯ ಎರಡು ಬದಿಯಲ್ಲಿ ಮೊರ ಹಿಡಿದು ನಿಂತಿರುತ್ತಿದ್ದರು, ಅಕ್ಕಿ ಆರಿಸುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಅವರ ಮಗಳ ಮದುವೆ ಬಂತು. ಉಮ್ಮ ಅಂಗಳಕ್ಕೆ ಬಂದು ನಿಂತರು.

"ಅಕ್ಕಾ, ನೀವು ಬರ್ಬೇಕು. ನಿಮ್ಮವರಿಗೆ ಬೇರೆ ಒಲೆ ಹೂಡಿ ಅಡಿಗೆ ಮಾಡಿಸ್ತೇವೆ."

"ಆ ದಿನ ಮಗಳಿಗೆ ಶಾಲೆ ಉಂಟಲ್ಲ" ಎಂದಳು ಅಮ್ಮ.

"ಮಗಳು ಶಾಲೆಗೆ ಹೋಗ್ಲಿ ಮಾರಾಯ್ತಿ. ನಾನು ಕರೆದದ್ದು ನಿಮ್ಮನ್ನು."

ಅಮ್ಮ ನನ್ನ ಮುಖ ನೋಡಿದಳು, ಮತ್ತೆ ಉಮ್ಮನ ಮುಖ ನೋಡಿದಳು. "ನಾನು ಬರ್ಬಹುದಾ? ಒಳ್ಳೆ ಕಾರ್ಯಕ್ಕೆ?" ಎಂದು ಕೇಳಿದಳು.

"ಬರದಿದ್ರೆ ಬೇಲಿಗೆ ಮುಳ್ಳು ಇಡಿಸ್ತೇನೆ" ಎಂದರು ಉಮ್ಮ.

ಮದುವೆಯ ದಿನ ನಾನು ಶಾಲೆ ಬಿಟ್ಟು ಬಂದಾಗ ಅಮ್ಮ ಆಗಷ್ಟೇ ಬಂದಿದ್ದಳು. ಕಾಲು ತೊಳೆದು, ಸೀರೆ ಸಹ ಬದಲಾಯಿಸದೆ, ಜಗಲಿಯಲ್ಲಿ ಗೋಡೆಗೆ ಒರಗಿದ್ದಳು. ಹೇಗಿತ್ತೆಂದು ಕೇಳಿದೆ. ಬಹಳ ದಣಿದಿದ್ದಳು.

"ಸಂಜೆಗೆ ನನಗೆ ಊಟ ಬೇಡ" ಎಂದಳು. "ತಿಂದದ್ದು ಸ್ವಲ್ಪ ಹೆಚ್ಚಾಯ್ತು. ಬೇಡ ಅಂದ್ರೂ ಅವರು ಬಿಡ್ಬೇಕಲ್ಲ."